ಓಣಿ ನೋಡಿ ಮನಿ ಹಿಡೀಬ್ಯಾಡ್ರಿ, ಪಾವಟಿಗಿ ಎಣಿಸಿ ಹಿಡೀರಿ

ಮೊನ್ನೆ ಗುರುವಾರ ಮುಂಜಾನೆ ರೊಟ್ಟಿ ಹಿಟ್ಟು ನಾದಿಕೋತ ಕೂತಿದ್ದೆ, ಧಾರವಾಡದಿಂದ ನನ್ನ ತಂಗಿ ಫೋನ್ ಮಾಡಿದ್ಲು. "ಅಕ್ಕಾ, ನಮ್ಮ ಹುಡುಗ ಬಸವನಗುಡಿಯೊಳಗ ಒಂದು ಮನಿ ನೋಡ್ಯಾನ. ಮುಂದ ದೊಡ್ಡ ಗಿಡ ಅದಂತ, ಕಿಡಕಿ ತಗದ್ರ ಗುಡಿ ಗಂಟಿ ಕೇಳ್ತದಂತ, ಗಾಂಧಿಬಜಾರ ಹತ್ತ ಮಿನಿಟಂತ. ನಾವೂ ಮಾಮಿನ್ನ ಕರಕೊಂಡು ಅಲ್ಲೇ ಬಂದ್ಬಿಡ್ತೀವಿ" ಅಂದ್ಲು. ಮಾಮಿ ಅಂದ್ರ ಆಕಿ ಅತ್ತಿ. ಆಕಿ ದನಿಯೊಳಗಿನ ಖುಷಿ ಕೇಳಿ ನನಗೂ ಖುಷಿ ಆಗಬೇಕಿತ್ತು. ಆದ್ರ ನನ್ನ ಬಾಯಾಗ ಬಂದದ್ದು, "ಎಷ್ಟನೇ ಮಾಳಿಗಿ?"

"ಎರಡನೇದು. ಯಾಕ?"

"ಲಿಫ್ಟ್ ಅದ ಏನು?"

"ಹಳೇ ಮನಿ ಅಕ್ಕಾ, ಅದರಾಗೆಲ್ಲಿ ಲಿಫ್ಟು?"

ಹಂಚಿನ ಮ್ಯಾಲಿನ ರೊಟ್ಟಿ ಕರಕಾತು. ಆಮ್ಯಾಲೆ ಫೋನ್ ಮಾಡ್ತೀನಿ ಅಂತ ಇಟ್ಟಬಿಟ್ಟೆ.

ಇದು ನನ್ನ ತಂಗಿ ಒಬ್ಬಾಕಿ ಮಾತಲ್ಲ. ಮಗ ಸೊಸಿ ಬೆಂಗಳೂರಾಗ ಇದ್ದವರು ನಮ್ಮ ಬಳಗದಾಗ ಮನಿಗೊಬ್ರು ಇದ್ದಾರ. ಎಲ್ಲಾರೂ ಕೇಳೋದು ಅದ. "ನಿಮ್ಮ ಕಡೆ ಭಾಳ ಛಲೋ ಅದಲ್ಲ ವೈನಿ, ನಮ್ಮ ಮಾಳಮಡ್ಡಿ ಹಂಗ ಅದಲ್ಲ, ನಾವೂ ಬರೋಣೇನು?" ಅದಕ್ಕ ಒಮ್ಮೆ ಕೂತು ಬರದಬಿಡ್ತೀನಿ. ನಾ ಪಿಯುಸಿ ಮುಗಿಸಿ ಲಗ್ನ ಆದಾಕಿ, ಕಾಯದೆ ಕಾನೂನು ನನಗ ತಿಳಿಯಂಗಿಲ್ಲ. ಆದ್ರ ಮನಿಯೊಳಗ ದಿನಪೂರ್ತಿ ಇರೋರು ನಾವ ಅಲ್ಲೇನು? ಮನಿ ಆರಿಸೋ ಹೊತ್ತಿನಾಗ ಮಾತ್ರ ಗಂಡಸರು ಕಾರು ನಿಲ್ಲಸೋ ಜಾಗಾ ನೋಡ್ತಾರ, ಹುಡುಗರು ಇಂಟರ್ನೆಟ್ ನೋಡ್ತಾರ. ನಮಗ ಅಡಿಗಿಮನಿ ತೋರಿಸಿ "ದೊಡ್ಡದದ ನೋಡು" ಅಂತ ಬಾಯಿ ಮುಚ್ಚಸ್ತಾರ.

ಬಸವನಗುಡಿ ಛಲೋ ಇಲ್ಲ ಅಂತ ನಾ ಅನ್ನಂಗಿಲ್ಲ. ಅನ್ನೋದಿದ್ರ ನಾನ್ಯಾಕ ಇನ್ನೂ ಇಲ್ಲೇ ಇರ್ತಿದ್ದೆ? 1890ರ ದಶಕದಾಗ ಹಳೇ ಪ್ಯಾಟಿ ಹೊರಗ ಮಲ್ಲೇಶ್ವರ, ಬಸವನಗುಡಿ ಅಂತ ಹೊಸಾ ಬಡಾವಣಿ ಹಾಕಿದ್ರಂತ. 1898ರಾಗ ಬೆಂಗಳೂರಿಗೆ ಪ್ಲೇಗು ಬಂತು, ಇಕ್ಕಟ್ಟಿನ ಓಣಿಯೊಳಗಿನ ಮಂದಿ ಗಾಳಿ ಬೆಳಕು ಹುಡಕಿಕೋತ ಇಲ್ಲಿಗೆ ಬಂದ್ರು. ಅಂದ್ರ ಈ ಓಣಿ ತುಂಬಿದ್ದ ಮಂದಿ ಆರೋಗ್ಯದ ಸಲವಾಗಿ. ಗುಡ್ಡದ ಮ್ಯಾಲೆ ಒಂದ ಕಲ್ಲಿನ ದೊಡ್ಡ ಬಸವಣ್ಣ, ಬಾಜೂಕ ಬೆಣ್ಣಿ ಅಲಂಕಾರದ ದೊಡ್ಡ ಗಣಪತಿ, ಅಲ್ಲೇ ಹತ್ತಿ ಬ್ಯೂಗಲ್ ರಾಕ್ ಬಂಡಿ, ಅದರ ಗಿಡದಾಗ ಜೋತು ಬಿದ್ದ ಬಾವಲಿ. ಡಿವಿಜಿಯವರ ಹೆಸರಿನ ರಸ್ತಾ, ಗವಿಪುರದಾಗ ಮಾಸ್ತಿಯವರ ಮನಿ. ನಮಗ ಸಾಧನಕೇರಿ ಹೆಂಗೋ ಇವರಿಗೆ ಇದು ಹಂಗ. ವಿದ್ಯಾರ್ಥಿ ಭವನದಾಗ 1943ರಿಂದ ದ್ವಾಸಿ ಹಾಕ್ಲಿಕ್ಕೆ ಹತ್ಯಾರ, ಇನ್ನೂ ಮಂದಿ ಪಾಳಿ ಹಚ್ಚಿ ನಿಂತಿರ್ತಾರ. ಇಷ್ಟೆಲ್ಲಾ ನೋಡಿದ್ರ ಯಾರಿಗೆ ಮನಸ ಆಗಂಗಿಲ್ಲ?

ನಮಗೂ ಹಂಗ ಆತು. ನಮ್ಮ ಮನಿಯವರು ರಿಟೈರ್ ಆದಮ್ಯಾಲೆ 2022ರ ಮೇ ತಿಂಗಳಾಗ ಧಾರವಾಡದ ಮನಿ ಬಾಡಿಗಿ ಕೊಟ್ಟು ಬಂದ್ವಿ. ಮಗನ ಆಫೀಸು ದೂರ, ಅವಂಗ ಬ್ಯಾರೆ ಕಡೆ ಅಪಾರ್ಟಮೆಂಟ್ ಅಂದ್ರ ಅನುಕೂಲ ಇತ್ತು. "ಅಲ್ಲೆ ಲಿಫ್ಟ್ ಅದ, ಅಜ್ಜಿಗೆ ಆರಾಮ ಆಗ್ತದ" ಅಂತ ಪಾಪ ಅಂವ ಅಂದಿದ್ದ. ನಾವ ಒಪ್ಪಲಿಲ್ಲ. ನಮ್ಮ ಅತ್ತಿಯವರಿಗೆ ಆಗ 81. ಅವರಿಗೆ ಗುಡಿ ಬೇಕು, ಪ್ರವಚನ ಬೇಕು, ಕನ್ನಡ ಮಾತಾಡೋ ನಾಕು ಮಂದಿ ಬೇಕು. ಹದಿನಾಲ್ಕನೇ ಅಂತಸ್ತಿನ್ಯಾಗ ಯಾರ ಜೋಡಿ ಮಾತಾಡ್ತಾರ? ಅವರ ಸಲವಾಗಿನ ಬಸವನಗುಡಿ ಅಂತ ಗಟ್ಟಿ ಮಾಡಿದ್ವಿ. ಇದನ್ನ ನೆನಪಿಟ್ಕೋರಿ, ಅವರ ಸಲವಾಗಿ.

ಮನಿ ನೋಡ್ಲಿಕ್ಕೆ ಬಂದದ್ದು ಆದಿತ್ಯವಾರ ಸಂಜಿ ಮುಂದ. ಆಗಿನ್ನ ಮಳಿ ಬಂದು ಹೋಗಿತ್ತು. ರಸ್ತಾದ ತುಂಬ ಹೂವು ಉದರಿತ್ತು. ಕೆಂಪು ಗಚ್ಚಿನ ನೆಲ, ಕಂಬದ ಪಡಸಾಲಿ, ಮ್ಯಾಲೆ ಕಟ್ಟಿಗಿ ಕಿಡಕಿ. ಯಾವುದೋ ಮನಿಯೊಳಗ ಹುಡುಗಿ ವೀಣಾ ಬಾರಸ್ಲಿಕ್ಕೆ ಹತ್ತಿತ್ತು. ನಮ್ಮ ಮನಿಯವರು ಅಲ್ಲೇ ಪಾವಟಿಗಿ ಮ್ಯಾಲೆ ನಿಂತು "ಇದ ಮನಿ" ಅಂದ್ಬಿಟ್ರು. ಅತ್ತಿಯವರು ಧಾರವಾಡದಾಗ ಇದ್ರು, ಅವರನ್ನ ಕರಕೊಂಡು ಬಂದಿರಲಿಲ್ಲ. ಅಷ್ಟು ದೂರ ಅವರಿಗೆ ತ್ರಾಸ ಯಾಕ ಅಂತ.

ಆ ಮನಿಗೆ ಪಾವಟಿಗಿ 38. ನಾನು ಎಣಿಸಿದ್ದು ಸಾಮಾನು ಏರಸೋ ದಿನ. ಮೊದಲಿನ 18 ಸಲೀಸು, ಆಮ್ಯಾಲಿನವು ತಿರುವು ಇದ್ದವು, ಒಂದೊಂದು ಎತ್ತರಾನೂ ಒಂದೊಂದು ನಮೂನಿ, ಹಿಡಕೊಳ್ಳಿಕ್ಕೆ ಒಂದ ಕಡೆ ಅಷ್ಟ ಕಟಕಟಿ. ಅತ್ತಿಯವರು ಏರಿ ಬಂದ್ರು, ಬರಲಿಲ್ಲ ಅಂತಲ್ಲ. ಮುಕ್ಕಾಲು ತಾಸು ಹಿಡೀತು. ಒಳಗ ಬಂದು ಕೂತು ನೀರು ಕುಡದು, "ಛಲೋ ಅದವ್ವ ಮನಿ, ಗಾಳಿ ಭಾಳ ಅದ" ಅಂದ್ರು. ಆಮ್ಯಾಲೆ ಮೂರು ತಿಂಗಳು ಕೆಳಗ ಇಳೀಲಿಲ್ಲ.

ದೊಡ್ಡ ಗಣಪತಿ ಗುಡಿ ನಮ್ಮ ಮನಿಯಿಂದ ಏಳೆಂಟು ಮಿನಿಟಿನ ದಾರಿ. ಬಿ. ಪಿ. ವಾಡಿಯಾ ರಸ್ತಾದಾಗ ವರ್ಲ್ಡ್ ಕಲ್ಚರ್ ಸಂಸ್ಥೆ ಅದ, 1945ರದ್ದು, ಅಲ್ಲೆ ಸಂಜಿ ಮುಂದ ಭಾಷಣ, ಸಂಗೀತ ಇರ್ತಾವ. ಡಿವಿಜಿಯವರು ಕಟ್ಟಿದ ಗೋಖಲೆ ಸಂಸ್ಥೆಯೊಳಗೂ ಉಪನ್ಯಾಸ ಇರ್ತಾವ. ಯಾರ ಏನ ಹೇಳ್ತಾರ, ಯಾವ ಪುರಾಣ ನಡದದ, ಎಲ್ಲಾ ನಾ ಹೋಗಿ ಕೇಳಿ ಬಂದು ಅತ್ತಿಯವರಿಗೆ ಹೇಳ್ತಿದ್ದೆ. ಯಾರ ಸಲವಾಗಿ ಬಂದ್ವೋ ಅವರು ಕಿಡಕಿ ಮುಂದ ಕೂತು ಗಂಟಿ ಕೇಳೋದು, ನಾವು ಹೋಗಿ ಮಂಗಳಾರತಿ ತಗೊಂಡು ಬರೋದು. ಗುಡಿ ಮೂರು ಮೈಲಿ ದೂರ ಇದ್ರೂ ಕೆಳಗಿನ ಮನಿ ಇದ್ದಿದ್ರ ಆಟೋದಾಗ ಹೋಗಿ ಬರ್ತಿದ್ರು. ಲಿಫ್ಟ್ ಇದ್ದ ಅಪಾರ್ಟಮೆಂಟ್‌ದಾಗ ಕೆಳಗಿನ ಕಟ್ಟಿ ಮ್ಯಾಲರೆ ಕೂಡತಿದ್ರು. ಇದು ನನಗ ಆಗ ಹೊಳೀಲಿಲ್ಲ. ಹೊಳದಾಗ ಹನ್ನೊಂದು ತಿಂಗಳ ಕರಾರು, ಹತ್ತು ತಿಂಗಳ ಅಡ್ವಾನ್ಸ್ ಎರಡೂ ಕುತ್ತಿಗಿಗೆ ಬಿದ್ದಿದ್ವು.

ಅಡ್ವಾನ್ಸ್ ಅಂದ ಕೂಡಲೇ ಅದರದ್ದೂ ಹೇಳಿಬಿಡ್ತೀನಿ. ನಮ್ಮ ಕಡೆ ಹಂಗಿಲ್ಲ, ಬೆಂಗಳೂರಾಗ ಹತ್ತು ತಿಂಗಳ ಬಾಡಿಗಿ ಮೊದಲ ಇಡಬೇಕು ಅನ್ನೋದು ಹಳೇ ರೂಢಿ. ಈಗ ಕೆಲವರು ಐದು ಆರು ತಿಂಗಳದ್ದಕ್ಕೂ ಒಪ್ತಾರ, ಕೇಳ್ರಿ, ಕೇಳ್ಲಿಕ್ಕೆ ನಾಚಬ್ಯಾಡ್ರಿ. ಬಿಡೋ ಹೊತ್ತಿನಾಗ ಬಣ್ಣದ ಖರ್ಚಂತ ಒಂದು ತಿಂಗಳದ್ದು ಹಿಡೀತಾರ. ಅದು ಕರಾರಿನ್ಯಾಗ ಬರದದ ಏನು ನೋಡ್ಕೋರಿ. ಹಳೇ ಮನಿ ಆದ್ರ ಇನ್ನೊಂದು, ಮಾಲಕರು ಯಾರು ಅನ್ನೋದು. ಅಜ್ಜ ಕಟ್ಟಿಸಿದ ಮನಿ, ಮೂರು ಮಂದಿ ಅಣ್ಣ ತಮ್ಮ, ಒಬ್ರು ಇಲ್ಲೆ, ಒಬ್ರು ಅಮೇರಿಕಾದಾಗ, ಒಬ್ರ ಜೋಡಿ ಮಾತಿಲ್ಲ. ಬಾಡಿಗಿ ಇಸಕೊಳ್ಳೋರು ಒಬ್ರು, ಸಹಿ ಮಾಡೋರು ಇನ್ನೊಬ್ರು. ನಾವು ಹೋಗಿ ವರ್ಷ ಆಗೋದರಾಗ "ಮನಿ ಕೆಡವಿ ನಾಕು ಮಾಳಿಗಿ ಕಟ್ಟಸೋದದ" ಅಂತ ಒಬ್ರು ಅಂದ್ರು, "ಹಂಗೇನಿಲ್ಲ, ಇರ್ರಿ" ಅಂತ ಇನ್ನೊಬ್ರು ಅಂದ್ರು. ದಿನಾ ಅದ ಚಿಂತಿ. ಕೆಂಪು ಗಚ್ಚಿನ ನೆಲ ನೋಡಿ ಮರುಳಾಗೋ ಮುಂದ, ಆ ನೆಲ ಇನ್ನೆಷ್ಟು ದಿನ ಇರ್ತದ ಅಂತ ಕೇಳಬೇಕಿತ್ತು.

ಅವರು ಕೆಡವಲಿಲ್ಲ, ಬಾಜೂದವರು ಕೆಡವಿದ್ರು! ಅಲ್ಲೊಂದು ಹಂಚಿನ ಮನಿ ಇತ್ತು, ಮುಂದ ಪಾರಿಜಾತದ ಗಿಡ. ಒಂದು ಮುಂಜಾನೆ ಜೆಸಿಬಿ ಬಂತು, ಸಂಜಿಯೊಳಗ ಮನೀನೂ ಇಲ್ಲ, ಗಿಡಾನೂ ಇಲ್ಲ. ಆಮ್ಯಾಲೆ ಒಂದೂವರಿ ವರ್ಷ ಕಟ್ಟೋ ಗದ್ದಲ, ಧೂಳು. ಗಚ್ಚಿ ಮ್ಯಾಲೆ ಹಪ್ಪಳ ಸಂಡಗಿ ಇಡೋದು ಬಂದ್. ಹಳೇ ಓಣಿಯೊಳಗ ಮನಿ ಹಿಡಿಯೋರು ತಮ್ಮ ಮನಿ ನೋಡಿದ್ರ ಸಾಲದು, ಎಡಕ್ಕ ಬಲಕ್ಕ ಇರೋ ಮನಿಗೆ ಬೀಗ ಬಿದ್ದದೇನು ನೋಡಬೇಕು. ಬೀಗ ಬಿದ್ದ ಹಳೇ ಮನಿ ಅಂದ್ರ ಇವತ್ತಿಲ್ಲ ನಾಳೆ ಜೆಸಿಬಿ ಅಂತ ತಿಳಕೋರಿ.

ನೀರಿನ ಮಾತು ನಿಮಗ ನಾನು ಹೇಳೋದ್ಯಾಕ? ಹುಬ್ಬಳ್ಳಿ ಧಾರವಾಡದಾಗ ವಾರಕ್ಕೊಮ್ಮೆ ಬರೋ ನೀರಿಗೆ ರಾತ್ರಿ ಎದ್ದು ಕೂತವರು ನಾವು. ಇಲ್ಲೆ ಕಾವೇರಿ ನೀರು ಅದಕಿಂತ ಛಲೋ ಬರ್ತದ. ಆದ್ರ ಅದು ಬರೋದು ಕೆಳಗಿನ ಸಂಪಿಗೆ. ಅಲ್ಲಿಂದ ಮ್ಯಾಲೆ ಏರಸೋ ಮೋಟರ್ ಯಾರ ಕೈಯಾಗ ಅದ ಅನ್ನೋದು ಕೇಳ್ರಿ. ನಮ್ಮದರಾಗ ನಾಕು ಮನಿಗೆ ಒಂದ ಸಂಪು, ಮೋಟರ್ ಬಟನ್ನು ಕೆಳಗಿನವರ ಬಾಗಲಾ ಒಳಗ. ಅವರು ಊರಿಗೆ ಹೋದ್ರ ನಮಗ ನೀರಿಲ್ಲ. 2024ರ ಬ್ಯಾಸಿಗಿಯೊಳಗ ಬೆಂಗಳೂರಾಗ ಬೋರು ಬತ್ತಿ ಹಾಹಾಕಾರ ಆತಲ್ಲ, ಆಗ ನೀರಿನಕಿಂತ ಹೆಚ್ಚು ಬತ್ತಿದ್ದು ಮಂದಿ ನಡುವಿನ ಮಾತು. ಯಾರ ಎಷ್ಟು ಅರಬಿ ಒಗದ್ರು ಅಂತ ಲೆಕ್ಕಾ ಹಾಕೋ ಹಂತಕ್ಕ ಬಂದಿತ್ತು.

ಮನಿ ಕೇಳ್ಲಿಕ್ಕೆ ಹೋದಾಗ ಒಂದು ಪ್ರಶ್ನಾ ಬರ್ತದ, "ನೀವು ಯಾವ ಜನ?" ಕೆಲವರು ನೇರ ಕೇಳ್ತಾರ, ಕೆಲವರು "ಊಟ ತಿಂಡಿ ಎಲ್ಲಾ ಹೆಂಗೆ?" ಅಂತ ಸುತ್ತು ಹಾಕಿ ಕೇಳ್ತಾರ. ನಮ್ಮ ಉತ್ತರಾ ಅವರಿಗೆ ಸರಿ ಹೋತು, ಮನಿ ಸಿಕ್ತು. ನನ್ನ ಮಗನ ಗೆಳೆಯಾ ಒಬ್ಬಂವ, ಅದ ಪಗಾರ, ಅಂಥಾ ಒಳ್ಳೆ ಹುಡುಗ, ಅದ ಓಣಿಯೊಳಗ ಆರು ಮನಿ ತಿರುಗಿ ವಾಪಸ್ ಹೋದ. "ಓಣಿ ಸಂಸ್ಕೃತಿ ಉಳಿಬೇಕಲ್ರಿ" ಅಂತ ಒಬ್ರು ನನ್ನ ಮುಂದ ಅಂದ್ರು. ನಾ ಆಗ ಸುಮ್ನಿದ್ದೆ, ಹೊಸದಾಗಿ ಬಂದಿದ್ದೆ. ಈಗ ಆಗಿದ್ರ ಸುಮ್ನ ಇರ್ತಿರಲಿಲ್ಲ. ನಮ್ಮಲ್ಲೂ ಇದು ಇಲ್ಲ ಅಂತಲ್ಲ, ಧಾರವಾಡದ ನಮ್ಮ ಮನಿ ಬಾಡಿಗಿ ಕೊಡೋ ಮುಂದ ನಾವೂ ಏನು ಕೇಳಿದ್ವಿ ಅನ್ನೋದು ನನಗ ನೆನಪದ.

ಹಬ್ಬದ ದಿನದ್ದು ಹೇಳ್ತೀನಿ. ವರಮಹಾಲಕ್ಷ್ಮಿ, ಗೌರಿ ಗಣಪತಿ ಹಿಂದಿನ ದಿನ ಗಾಂಧಿಬಜಾರಕ್ಕ ಕಾಲಿಡ್ಲಿಕ್ಕೆ ಆಗಂಗಿಲ್ಲ. ಮಲ್ಲಿಗಿ, ಕನಕಾಂಬರ, ಬಾಳೀಕಂಬ, ಮಾವಿನ ತಪ್ಪಲಾ, ಮಣ್ಣಿನ ಗಣಪ. ನೋಡ್ಲಿಕ್ಕೆ ಎರಡು ಕಣ್ಣು ಸಾಲಂಗಿಲ್ಲ. ಆದ್ರ ಆ ಹೊತ್ತಿನಾಗ ನಿಮ್ಮ ಮನಿಗೆ ಗ್ಯಾಸ್ ಸಿಲಿಂಡರಿನಂವಾನೂ ಬರಂಗಿಲ್ಲ. ಆಗಸ್ಟ ಮತ್ತ ಜನವರಿಯೊಳಗ ಲಾಲಬಾಗಿನ ಫಲಪುಷ್ಪ ಪ್ರದರ್ಶನ ನಡದಾಗ ಆಟೋದವರು ಈ ಕಡೆ ಅಂದ್ರ ಸಾಕು, ಮಾರಿ ತಿರುವ್ತಾರ. ಮತ್ತ ಕಾರ್ತೀಕದ ಕಡೀ ಸೋಮವಾರ ಕಡಲೆಕಾಯಿ ಪರಿಷೆ.

ಇದರದ್ದೊಂದು ಮಜಾ ಕೇಳ್ರಿ. ಕಡಲೆಕಾಯಿ ಪರಿಷೆ ಅಂತ ಬಾಜೂಮನಿಯವರು ಹೇಳಿದಾಗ ನಾನು, ಕಡಲಿ, ಅಂದ್ರ ಹಸಿ ಕಡಲಿ ಗಿಡ, ಸುಲಗಾಯಿ ಮಾರೋ ಜಾತ್ರಿ ಅಂತ ತಿಳಕೊಂಡಿದ್ದೆ. ಹೋಗಿ ನೋಡ್ತೀನಿ, ಗುಡ್ಡ ಗುಡ್ಡ ಶೇಂಗಾ! ಇವರ ಬಾಯಾಗ ಶೇಂಗಾಕ್ಕ ಕಡಲೆಕಾಯಿ, ನಮ್ಮ ಪುಠಾಣಿಗೆ ಹುರಿಗಡಲೆ, ಚವಳಿಕಾಯಿಗೆ ಗೋರಿಕಾಯಿ, ತಪ್ಪಲ ಪಲ್ಲೆಕ್ಕ ಸೊಪ್ಪು. ಮೊದಲಿನ ತಿಂಗಳು ನಾ "ಉಳ್ಳಾಗಡ್ಡಿ ಹೆಂಗ ಕೊಟ್ಟಿ?" ಅಂದ್ರ ಅಂಗಡಿಯಾಕಿ ಸೆರಗು ಬಾಯಿಗೆ ಇಟ್ಕೊಂಡು ನಗತಿದ್ಲು. ಈಗ ಆಕೀನ "ಬರ್ರಿ ಅಕ್ಕಾರ, ಉಳ್ಳಾಗಡ್ಡಿ ಚಲೋ ಐತಿ" ಅಂತಾಳ, ಸಿನೆಮಾದಾಗ ಕೇಳಿದ ಭಾಷಾ. ಭಾಷಾ ಬಗ್ಗೆ ಹೆದರಬ್ಯಾಡ್ರಿ. ನಿಮ್ಮದು ನೀವು ಮಾತಾಡ್ರಿ, ಬದಲಸಬ್ಯಾಡ್ರಿ. ನಾನೂ ಮೊದಲ "ಹೋಗ್ತಾ ಇದ್ದೀನಿ, ಬರ್ತಾ ಇದ್ದೀನಿ" ಅಂತ ಪ್ರಯತ್ನಾ ಮಾಡಿದೆ. ನಮ್ಮ ಅತ್ತಿಯವರು "ಯಾರ ಬಂದ್ರು ಮನಿಗೆ?" ಅಂತ ಒಳಗಿಂದ ಕೇಳಿದ್ರು.

ಆ ಮೊದಲನೇ ವರ್ಷದ ಪರಿಷೆಗೆ ಅತ್ತಿಯವರನ್ನ ಕರಕೊಂಡು ಹೋಗಲೇಬೇಕು ಅಂತ ನಾವು ಹಟ ಹಿಡದ್ವಿ. ಬಸವಣ್ಣ ಹೊಲದಾಗಿನ ಶೇಂಗಾ ತಿಂದು ಹೋಗ್ತಿದ್ದಂತ, ರೈತರು ಹೊಸಾ ಬೆಳಿ ಮೊದಲ ಅವಂಗ ಕೊಡ್ತೀವಿ ಅಂತ ಹರಕಿ ಹೊತ್ರಂತ. ಆ ಕತಿ ಕೇಳಿ ಅವರಿಗೂ ಆಶಾ ಇತ್ತು. ಕೆಳಗಿನ ಮನಿ ಹುಡುಗ, ನನ್ನ ಮಗ ಕೂಡಿ ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ಕೂಡಿಸಿ 38 ಪಾವಟಿಗಿ ಇಳಿಸಿದ್ರು. ತಿರುವಿನ್ಯಾಗ ಕುರ್ಚಿ ವಾಲಿ ಅತ್ತಿಯವರು ಕಟಕಟಿ ಗಟ್ಟಿ ಹಿಡಕೊಂಡು ಕಣ್ಣು ಮುಚ್ಚಿದ್ರು. ಆ ಕೈ ನನಗ ಈಗೂ ಕಾಣ್ತದ. ಓಣಿ ಮಂದಿ ನಿಂತು ನೋಡ್ಲಿಕ್ಕೆ ಹತ್ತಿದ್ರು. ಗದ್ದಲದಾಗ ದೂರದಿಂದ ಗುಡಿ ಗೋಪುರಕ್ಕ ಕೈ ಮುಗಿಸಿ, ಅರ್ಧಾ ಸೇರು ಶೇಂಗಾ ತಗೊಂಡು ವಾಪಸ್ ಬಂದ್ವಿ. ಮತ್ತ ಕುರ್ಚಿ, ಮತ್ತ 38.

ಮರುವರ್ಷ ಕೇಳಿದ್ರ ಬ್ಯಾಡ ಅಂದ್ರು. "ನನ್ನ ಹೊತ್ಕೊಂಡು ಇಳಸೋದು ಇನ್ನೊಂದ ಸಲ ಇರ್ತದಲ್ಲ, ಆಗ ಇಳಸೀರಂತ" ಅಂತ ನಕ್ಕರು. ಆ ಡಿಸೆಂಬರ್‌ದಾಗ ಕಿಡಕಿಯೊಳಗ ಕೂತು ಪರಿಷೆಗೆ ಹೋಗೋ ಮಂದಿನ್ನ ನೋಡಿಕೋತ ನಾ ತಂದ ಶೇಂಗಾ ಸುಲೀತಿದ್ರು. ಹಲ್ಲಿಲ್ಲ, ತಿನ್ನಂಗಿಲ್ಲ, ಸುಲದು ಸುಲದು ನಮಗ ಕೊಡ್ತಿದ್ರು. 2024ರ ಫೆಬ್ರುವರಿಯೊಳಗ ಅವರು ಅಂದಂಗ ಆತು.

ನಾವು ಆಮ್ಯಾಲೆ ಮನಿ ಬಿಟ್ವಿ. ಎರಡು ರಸ್ತಾ ಆಚೆ ಕೆಳಗಿನ ಮನಿ ಸಿಕ್ತು. ಹುಡುಕಿದ್ರ ಸಿಗತಿತ್ತು ಅನ್ನೋದು ಆಗ ತಿಳೀತು. ಬಾಡಿಗಿ ಒಂದು ಸಾವಿರ ಹೆಚ್ಚು, ಬೆಳಕು ಕಡಿಮಿ, ಗುಂಗಾಡ ಭಾಳ, ಮಳಿಗಾಲದಾಗ ಗ್ವಾಡಿ ತಂಪು ಹಿಡೀತದ, ಇಲಿ ಕಾಟ ಅದ. ಕೆಂಪು ನೆಲ ಇಲ್ಲ, ಕಂಬ ಇಲ್ಲ, ಫೋಟೋ ತಗೀಲಿಕ್ಕೆ ಒಂದೂ ಚಂದದ ಮೂಲಿ ಇಲ್ಲ. ಬಾಗಲಾ ಮುಂದ ಎರಡ ಪಾವಟಿಗಿ. ಗೃಹಪ್ರವೇಶದ ದಿನ ಆ ಎರಡು ಪಾವಟಿಗಿ ಮ್ಯಾಲೆ ಕೂತು ನಾ ಅತ್ತದ್ದು ನಮ್ಮ ಮನಿಯವರಿಗೆ ಗೊತ್ತಿಲ್ಲ. ಇದನ್ನ ಓದಿದ್ರ ಗೊತ್ತಾಗ್ತದ.

ಇಷ್ಟೆಲ್ಲಾ ಅಂದಮ್ಯಾಲೆ, ಇಲ್ಲಿ ಇರೋದರ ಸುಖ ಏನು ಅಂತ ಕೇಳ್ತೀರಿ. ಸುಖ ಅದ. ಆದ್ರ ಅದು ಕಾಲಿನಾಗ ಅದ. ಮುಂಜಾನೆ ಆರಕ್ಕ ಎದ್ದು ಬ್ಯೂಗಲ್ ರಾಕಿನ ಸುತ್ತ ಎರಡು ಸುತ್ತು ಹೊಡದು, ಗಣಪತಿಗೆ ಕೈ ಮುಗದು, ಗಾಂಧಿಬಜಾರದಾಗ ಒಂದು ಮೊಳ ಮಲ್ಲಿಗಿ, ನಾಕು ಬಾಳೀಹಣ್ಣು, ಒಂದು ಸಿವುಡು ಮೆಂತೆ ತಗೊಂಡು ಬರೋದರಾಗ ಹತ್ತು ಮಂದಿ ಜೋಡಿ ಮಾತಾಗಿರ್ತದ. ಎರಡು ದಿನಾ ನಾ ಕಾಣಲಿಲ್ಲ ಅಂದ್ರ ಹೂವಿನಾಕಿ ಕೇಳ್ತಾಳ, "ಊರಿಗೆ ಹೋಗಿದ್ರಾ?" ಚಳಿಗಾಲದಾಗ ಅವರೆಕಾಯಿ ಬಂದಾಗ ಹಿಚುಕಿದ ಬೇಳಿ ಹೆಂಗ ಹಿಚುಕಬೇಕು ಅಂತ ನನಗ ಕಲಿಸಿದಾಕಿ ಆಕಿನ. ನಾ ಆಕಿಗೆ ಶೇಂಗಾಚಟ್ನಿ ಕೊಟ್ಟೀನಿ. ನ್ಯಾಷನಲ್ ಕಾಲೇಜು ಮೆಟ್ರೋ ಹತ್ತಿದ್ರ ಮೂರನೇ ಸ್ಟೇಷನ್ನಿಗೆ ಮೆಜೆಸ್ಟಿಕ್. 2023ರ ಜೂನದಾಗ ಶಕ್ತಿ ಬಂದಮ್ಯಾಲೆ ಬಸ್ಸಿಗೂ ರೊಕ್ಕಾ ಇಲ್ಲ. ನಡೀಲಿಕ್ಕೆ ಬರೋರಿಗೆ ಇದು ಸ್ವರ್ಗ. ನಡೀಲಿಕ್ಕೆ ಆಗದವರಿಗೆ, ಕಿಡಕಿ.

ನಡೀಲಿಕ್ಕೆ ಬರ್ತಿದ್ರೂ ನಡಿಯದವರು ಇದ್ದಾರ, ಅವರ ಮ್ಯಾಲೆ ನನಗ ಸಿಟ್ಟು. ಗಾಂಧಿಬಜಾರದ ಚಂದಕ್ಕ ಅಂತ ಜಾಸ್ತಿ ಬಾಡಿಗಿ ಕೊಟ್ಟು ಬರ್ತಾರ, ಕೊತ್ತಂಬರಿ ಮಾತ್ರ ಫೋನಿನ್ಯಾಗ ತರಸ್ತಾರ, ಹತ್ತು ಮಿನಿಟಿನ್ಯಾಗ ಬರ್ತದಂತ. ಆಮ್ಯಾಲೆ ಬುಟ್ಟಿ ಇಟ್ಕೊಂಡು ಕೂತಾಕಿ ಫುಟ್‌ಪಾತ್ ಹಿಡದಾಳ ಅಂತ ತಕರಾರು. ರಸ್ತಾ ಅಗದು ಹೊಸಾ ಕಲ್ಲು ಹಾಸೋ ಹೊತ್ತಿನಾಗ ಈ ಹೂವು ಹಣ್ಣಿನವರು ಆ ಕಡೆ ಈ ಕಡೆ ಜರಗಿ ವ್ಯಾಪಾರ ಕಳಕೊಂಡು ಎಷ್ಟು ಒದ್ದಾಡಿದ್ರು ನಾ ನೋಡೀನಿ. ನನ್ನ ಹೂವಿನಾಕಿ ಒಂದಿಷ್ಟು ದಿನ ಗಲ್ಲಿಯೊಳಗ ಕೂತಿದ್ಲು, ಗಿರಾಕಿನ್ನ ಹುಡಕಿಕೋತ. ಆಕಿ ಇಲ್ಲ ಅಂದ್ರ ಇದು ಯಾವ ಗಾಂಧಿಬಜಾರ? ನೀವು ಬರೋದಿದ್ರ ಆಕಿ ಹತ್ರ ಹೂವು ತಗೋಳ್ಳಿಕ್ಕೆ ಬರ್ರಿ. ಆಕಿನ್ನ ಫೋಟೋ ತಗೀಲಿಕ್ಕೆ ಬರಬ್ಯಾಡ್ರಿ.

ಹಂಗಾರ ಮನಿ ನೋಡೋದು ಹೆಂಗ? ಆದಿತ್ಯವಾರ ಸಂಜಿ ಹೋಗಬ್ಯಾಡ್ರಿ, ಆಗ ಎಲ್ಲಾ ಓಣೀನೂ ಚಂದ ಕಾಣ್ತಾವ. ಸೋಮವಾರ ಮುಂಜಾನೆ ಎಂಟೂವರಿಗೆ ಹೋಗ್ರಿ, ಸಾಲಿ ಆಫೀಸಿನ ಗದ್ದಲದಾಗ. ರಾತ್ರಿ ಹತ್ತಕ್ಕ ಒಮ್ಮೆ ಹೋಗ್ರಿ, ಬಾಗಲಾ ಮುಂದ ಯಾರ ಕಾರು ನಿಂತಿರ್ತದ ನೋಡ್ಲಿಕ್ಕೆ. ಕೈಯಾಗ ಐದು ಕಿಲೋ ಜ್ವಾಳದ ಹಿಟ್ಟಿನ ಚೀಲಾ ಹಿಡಕೊಂಡು ಪಾವಟಿಗಿ ಏರ್ರಿ. ಮನಿ ಯಾರ ಸಲವಾಗಿ ನೋಡ್ಲಿಕ್ಕೆ ಹತ್ತೀರಿ, ಅವರನ್ನ ಕರಕೊಂಡು ಹೋಗ್ರಿ. ತ್ರಾಸ ಆಗ್ತದ ಅಂತ ಬಿಟ್ಟು ಹೋಗಬ್ಯಾಡ್ರಿ. ಒಮ್ಮೆ ಏರಿಸಿದ್ರ ಸಾಲದು, ಇಳಿಸಿ ಮತ್ತ ಏರಸ್ರಿ. ಎರಡನೇ ಸಲ ಅವರ ಮಾರಿ ನೋಡ್ರಿ.

ತಂಗಿಗೆ ಶನಿವಾರ ಫೋನ್ ಮಾಡಿ ಇದನ್ನ ಹೇಳಿದೆ. ಆಕಿ ಒಂದಷ್ಟು ಹೊತ್ತು ಸುಮ್ನಿದ್ಲು. "ಮಾಮಿ ತಾವ ಹೋಗೋಣು ಅಂದಾರ ಅಕ್ಕಾ, ಗುಡಿ ಅದಲ್ಲ ಅಂತ" ಅಂದ್ಲು. "ನಮ್ಮ ಅತ್ತಿಯವರೂ ಹಂಗ ಅಂದಿದ್ರು" ಅಂದೆ. ಬರೋ ವಾರ ಮಾಮಿನ್ನ ಕರಕೊಂಡು ಧಾರವಾಡದಿಂದ ವಂದೇ ಭಾರತದಾಗ ಬರ್ತಾಳಂತ, ನಮ್ಮನ್ಯಾಗ ಇಳಕೋತಾರ. ಆ ಮನಿಗೆ ಅವರ ಜೋಡಿ ನಾನೂ ಹೋಗ್ತೀನಿ. ಅದ ಓಣಿಯೊಳಗ ಮೂಲಿಗೆ ಒಂದು ಕೆಳಗಿನ ಮನಿ ಖಾಲಿ ಅದ ಅಂತ ಹೂವಿನಾಕಿ ಹೇಳ್ಯಾಳ, ಬಣ್ಣ ಹೋಗ್ಯದಂತ, ಕಿಡಕಿಗೆ ಗ್ವಾಡಿ ಅಡ್ಡ ಅದಂತ. ಅದರ ಕೀಲಿ ಯಾರ ಹತ್ರ ಅದ ಕೇಳಿ ಇಟ್ಟೀನಿ.